ಯಾರಾದ್ರೂ ಬರ್ಲಿಕ್ಕುಂಟಾ?

ಕಾಸರಗೋಡಿನಲ್ಲಿ ಒಬ್ಬನೇ ಕೂತು ಚಹಾ ಕುಡಿಯುವುದಕ್ಕೆ ಎರಡೇ ಕಾರಣ ಇರಲು ಸಾಧ್ಯ: ಒಂದೋ ಮನೆಯಲ್ಲಿ ಜಗಳ, ಇಲ್ಲವೇ ಬ್ಯಾಂಕಿನ ಸಾಲ. ಸುಮ್ಮನೆ ಕೂರಬೇಕು ಅನಿಸಿತು ಎಂದರೆ ಕೇಳಿದವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ.

ಕಳೆದ ವಾರ ಹೆದ್ದಾರಿ ಬದಿಯ ಹೊಸ ಕೆಫೆಗೆ ಹೋದೆ. ಬ್ಯಾಗಿನಲ್ಲಿ ಪುಸ್ತಕ, ಮನಸ್ಸಿನಲ್ಲಿ ಒಂದು ಗಂಟೆಯ ಮೌನ. ಕೂತದ್ದೇ ತಡ, ಕ್ಯಾಷಿನವರು ಮಲಯಾಳದಲ್ಲಿ, 'ಆರೆಂಗಿಲುಂ ವರಾನುಂಡೋ?' ಯಾರಾದರೂ ಬರಲಿಕ್ಕಿದೆಯಾ ಅಂತ. ಇಲ್ಲ ಎಂದೆ. ಪಕ್ಕದ ಮೇಜಿನ ಅಕ್ಕ ಮರುಕದಿಂದ ತುಳುವಿನಲ್ಲಿ, 'ಏರಾಂಡಲಾ ಬರ್ರೆ ಉಂಡಾ?' ಅಷ್ಟರಲ್ಲಿ ಬಾಗಿಲಲ್ಲಿ ನಮ್ಮೂರ ಭಾವ, ಹವ್ಯಕ ಕನ್ನಡದಲ್ಲಿ, 'ಆರಾರು ಬಪ್ಪಲಿದ್ದೋ?' ಸಪ್ತಭಾಷಾ ಸಂಗಮಭೂಮಿ ಎಂದು ಪ್ರತಿ ವೇದಿಕೆಯಲ್ಲೂ ಮೈಕ್ ಹಿಡಿದು ಹೇಳುತ್ತಾರಲ್ಲ, ನಿಜವೇ. ಒಂದು ಚಹಾಕ್ಕೆ ಏಳು ಸಲ ಉತ್ತರ ಕೊಡಬೇಕು.

ಗೋಡೆಯಲ್ಲಿ 'ಫ್ಯಾಮಿಲಿ' ಎಂದು ಬೋರ್ಡು, ಪಕ್ಕದಲ್ಲೊಂದು ಬಾಣ. ಒಂಟಿಗೆ ಬಾಣವಿಲ್ಲ. ಮನುಷ್ಯರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂದು ಎರಡು ಬಗೆ ಅಂತ ಸ್ವಿಜರ್ಲೆಂಡಿನ ಮನಶ್ಶಾಸ್ತ್ರಜ್ಞ ಯೂಂಗ್ 1921ರಲ್ಲೇ ಬರೆದರು. ಪುಣ್ಯಾತ್ಮ ಒಮ್ಮೆ ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಬಂದಿದ್ದರೆ ಒಂದೇ ಬಗೆಗೆ ನಿಲ್ಲಿಸುತ್ತಿದ್ದರು.

ಭಾವ ಎದುರಿಗೇ ಕೂತರು. 'ನಿನಗೆ ಬೇಜಾರಪ್ಪಲಾಗನ್ನೆ!' ನನ್ನ ಬೇಜಾರು ಅಲ್ಲಿಂದ ಶುರು. ಅಡಿಕೆ ರೇಟು, ತೋಟದ ಮಹಾಳಿ ರೋಗ, ಬದಿಯಡ್ಕದ ಮದುವೆಯಲ್ಲಿ ಪಾಯಸ ನೀರಾದದ್ದು, ಮಗನ ಪಿಎಸ್‌ಸಿ ಪರೀಕ್ಷೆ, ಅಲ್ಲಿಂದ ನೇರ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದೆಲ್ಲ ಕರ್ನಾಟಕಕ್ಕೆ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ನನ್ನ ಮೇಜಿನ ಮೇಲೆಯೇ ವಿವರಿಸಿದರು. ಚಮಚ ಹೊಳೆ. ಸಕ್ಕರೆ ಡಬ್ಬಿ ಕರ್ನಾಟಕಕ್ಕೆ ಹೋಯಿತು, ನನ್ನ ಚಹಾ ಕೇರಳದಲ್ಲೇ ತಣಿಯಿತು. ಪುಸ್ತಕವನ್ನು ಅವರು ಅರಬ್ಬಿ ಸಮುದ್ರ ಮಾಡಿಕೊಂಡಿದ್ದರು, ತೆಗೆಯುವಂತಿಲ್ಲ.

ಫ್ಯಾಮಿಲಿಯೊಂದು ಬಂತು. ಕ್ಯಾಷಿನವರು ಈಗ ಕನ್ನಡದಲ್ಲೇ ಕೇಳಿದರು, 'ನಿಮಗೆ ಯಾರಾದ್ರೂ ಬರ್ಲಿಕ್ಕುಂಟಾ? ಇಲ್ಲದಿದ್ರೆ ಈ ಟೇಬಲ್...'

'ಉಂಟು' ಎಂದೆ. 'ಮಹಾಜನ ವರದಿ ಜಾರಿಗೆ ಬರ್ಲಿಕ್ಕುಂಟು.'

'ಎಷ್ಟು ಜನ?'

ಭಾವ ಪುಳಕಗೊಂಡು ಎರಡು ಚಹಾ, ಎರಡು ಪಳಂಪೊರಿ ಹೇಳಿದರು. ಬಿಲ್ಲು ಬರುವ ಹೊತ್ತಿಗೆ ಅವರ ಬಸ್ಸೂ ಬಂತು. ನನ್ನನ್ನು ಕೈ ತೊಳೆಯುವ ಬೇಸಿನ್ ಪಕ್ಕದ ಸ್ಟೂಲಿಗೆ ವರ್ಗಾಯಿಸಿದರು. ಕೈ ತೊಳೆದವರೆಲ್ಲ ನನ್ನ ಪುಸ್ತಕದ ಮೇಲೆ ಎರಡೆರಡು ಹನಿ ಪ್ರೋಕ್ಷಿಸಿ ಹೋದರು.

ಸಾಕಾಗಿ ಎದ್ದು ಹಿಂಬಾಗಿಲಿನಿಂದ ಹೊರಬಿದ್ದೆ. ಅಲ್ಲಿ ಮೆಟ್ಟಿಲ ಮೇಲೆ ಸಪ್ಲೈ ಮಾಡುವ ಬಂಗಾಳದ ಹುಡುಗ ಕೂತಿದ್ದ. ಕೈಯಲ್ಲಿ ಮೊಬೈಲೂ ಇಲ್ಲ, ಒಂದು ಲೋಟ ಕಟ್ಟನ್ ಚಾಯ ಮಾತ್ರ. ತೆಂಗಿನ ಮರ ನೋಡುತ್ತಿದ್ದ. ಎಷ್ಟು ನೆಮ್ಮದಿ ಇತ್ತು ಆ ಮುಖದಲ್ಲಿ!

'ಕ್ಯಾ ಭಾಯ್, ಅಕೇಲಾ?' ಎಂದು ಕೇಳಿಯೇ ಬಿಟ್ಟೆ.