ರೂಟ್‌ನ ಪಾಸ್‌ವರ್ಡ್: ಪಾಸ್‌ವರ್ಡ್

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು 9.0ಕ್ಕೆ ಅಪ್‌ಗ್ರೇಡ್ ಮಾಡಿದವರು ಸರ್ವಾಧಿಕಾರದ ಖಾತೆಯಾದ ರೂಟ್‌ಗೇ ಲಾಗಿನ್ ಆಗ್ತಿಲ್ಲ ಅಂತ ಗೋಳಾಡಿದ್ದನ್ನು ನೀವೂ ನೋಡಿರುತ್ತೀರಿ. ಇದರ ಪೂರ್ತಿ ಶ್ರೇಯ ಟ್ಯುಟೋರಿಯಲ್ ಕರ್ತೃಗಳಿಗೇ ಸಲ್ಲಬೇಕು. 2018ರಲ್ಲಿ 8.0 ಬಂದು ಲಾಗಿನ್ ವಿಧಾನ ಬದಲಾಯಿತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಿಂದ ಡೇಟಾಬೇಸಿಗೆ ಸಂಪರ್ಕ ಕೊಡುವ ಹಳೆಯ ಡ್ರೈವರ್‌ಗೆ ಅದು ಗೊತ್ತಿರಲಿಲ್ಲ. ಡ್ರೈವರ್ ಬದಲಿಸಿದ್ದರೆ ಸಾಕಿತ್ತು. ಆದರೆ ಮಹಾನುಭಾವರು ಹೇಳಿಕೊಟ್ಟದ್ದೇ ಬೇರೆ: ರೂಟ್ ಅನ್ನೇ ಹಳೆಯ ಲಾಗಿನ್ ವಿಧಾನವಾದ ‘ನೇಟಿವ್ ಪಾಸ್‌ವರ್ಡ್’ಗೆ ಇಳಿಸಿ. ಉದಾಹರಣೆಯಲ್ಲಿ ಪಾಸ್‌ವರ್ಡ್ ಜಾಗಕ್ಕೆ ‘ಪಾಸ್‌ವರ್ಡ್’ ಎಂದೇ ಬರೆದರು. ಶಿಷ್ಯಕೋಟಿ ಅಕ್ಷರವೂ ಬಿಡದೆ ಕಾಪಿ ಹೊಡೆಯಿತು. ಆ ಹಳೆಯ ವಿಧಾನದ ಪ್ಲಗಿನ್ 8.4ರಲ್ಲಿ ಡೀಫಾಲ್ಟ್ ಆಗಿ ಆಫ್ ಆಯಿತು, 9.0ರಲ್ಲಿ ಕಿತ್ತೇ ಹಾಕಿದರು. ಟ್ಯುಟೋರಿಯಲ್ ಮಾತ್ರ ಅಲ್ಲಾಡಿಲ್ಲ. ಪ್ರತಿ ಜನವರಿಗೆ ಶೀರ್ಷಿಕೆಯಲ್ಲಿ ಇಸವಿ ಬದಲಾಗುತ್ತದೆ, ಅಷ್ಟೆ.

ಯಾವ ಡೇಟಾಬೇಸ್ ಒಳ್ಳೆಯದು ಅಂತ ತಜ್ಞರು ಕೋಷ್ಟಕ ಹಾಕಿ ತೂಗುತ್ತಾ ಕೂರಲಿ. ‘ಐದೇ ನಿಮಿಷದಲ್ಲಿ’ ಎಂಬ ವಿಡಿಯೊ ಯಾವುದಕ್ಕಿದೆಯೋ ಅದೇ ಸರ್ವರ್‌ಗೆ ಬಂದು ಕೂರುತ್ತದೆ, ಆಮೇಲೆ ಏಳುವುದಿಲ್ಲ.

ಇನ್ನೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಕೈಪಿಡಿಗೆ ಕೊಂಕು ನುಡಿಯುವಂತಿಲ್ಲ. ಪಿಡಿಎಫ್ 2,000 ಪುಟ ದಾಟಿದೆ, ಎಲ್ಲವೂ ಅದರಲ್ಲಿದೆ. ಉಬುಂಟು ಲಿನಕ್ಸ್‌ನಲ್ಲಿ ಹಾಕಿಕೊಂಡ ಹುಡುಗಿಗೆ ಮೊದಲು ಎದುರಾಗುವುದು ‘ಪೀರ್ ಅಥೆಂಟಿಕೇಶನ್ ಫೇಲ್ಡ್’. ಲಿನಕ್ಸ್ ಯೂಸರ್ ಮತ್ತು ಡೇಟಾಬೇಸ್ ಯೂಸರ್ ಹೆಸರು ಹೊಂದಬೇಕು ಅಂತ ಅದರ ಅರ್ಥ. ಲಿನಕ್ಸ್‌ನ ಸುಡೊ ಆದೇಶ ಬಳಸಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಒಳಹೋದರೆ ಮುಗಿಯಿತು. ಗೂಗಲ್ ಕೊಡುವ ಉತ್ತರ? ಸೆಟ್ಟಿಂಗ್ ಫೈಲಿನಲ್ಲಿ ‘ಪೀರ್’ ಅಳಿಸಿ ‘ಟ್ರಸ್ಟ್’ ಹಾಕಿ, ಪಾಸ್‌ವರ್ಡೇ ಕೇಳುವುದಿಲ್ಲ. ಆಹಾ! ಇನ್ನು 2022ರ 15ನೇ ಆವೃತ್ತಿಯಿಂದ ಟೇಬಲ್‌ಗಳು ಕೂರುವ ಡೀಫಾಲ್ಟ್ ವಿಭಾಗವಾದ ಪಬ್ಲಿಕ್ ಸ್ಕೀಮಾದಲ್ಲಿ ಸಿಕ್ಕಸಿಕ್ಕವರು ಟೇಬಲ್ ಮಾಡುವಂತಿಲ್ಲ. ಹಳೆಯ ಪಾಠದಂತೆ ಡೇಟಾಬೇಸಿನ ಮೇಲೆ ‘ಗ್ರಾಂಟ್ ಆಲ್’ (ಎಲ್ಲ ಹಕ್ಕು ಕೊಡು) ಹೊಡೆದರೂ ‘ಪರ್ಮಿಶನ್ ಡಿನೈಡ್’. ಆ ಯೂಸರ್‌ನನ್ನು ಡೇಟಾಬೇಸಿನ ಓನರ್ ಮಾಡಿದರೆ ಸರಿಹೋಗುತ್ತದೆ. ಅಷ್ಟು ವ್ಯವಧಾನ ಯಾರಿಗಿದೆ, ಯಾವ ತಡೆಯೂ ಇಲ್ಲದ ಸೂಪರ್‌ಯೂಸರ್ ಮಾಡಿಬಿಡುತ್ತಾರೆ.

ನಡುವೆ ನಮ್ಮ ಕನ್ನಡದ ಪಾಡೂ ಕೇಳಿ. 8.0 ಬರುವವರೆಗೆ ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಅಕ್ಷರ ಸಂಕೇತ ಲ್ಯಾಟಿನ್-1, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಪಾಠದಲ್ಲಿ ಹೇಳಿಲ್ಲ, ಆದ್ದರಿಂದ ಟೇಬಲ್ ಮಾಡುವಾಗ ಯಾರೂ ಬದಲಿಸಲಿಲ್ಲ. ಲಕ್ಷ್ಮಮ್ಮ ಹೋಗಿ ‘?????????’ ಆದಳು. ಆ ಪ್ರಶ್ನಾರ್ಥಕಗಳಿಂದ ಹೆಸರನ್ನು ವಾಪಸ್ ತೆಗೆಯಲು ಬ್ರಹ್ಮನಿಗೂ ಆಗದು. ಆಮೇಲೆ ಎಲ್ಲ ಲಿಪಿಗಳಿಗೂ ಆಗುವ ‘ಯುಟಿಎಫ್8’ ಸಂಕೇತ ಹಾಕಿ ಎಂದರು. ಮೈಎಸ್‌ಕ್ಯೂಎಲ್‌ನಲ್ಲಿ ಅದು ಅಕ್ಷರಕ್ಕೆ ಮೂರೇ ಬೈಟಿನದು. ಕನ್ನಡಕ್ಕೆ ಮೂರು ಸಾಕು, ಎಲ್ಲರೂ ಖುಷಿ. ಯಾರೋ ಅರ್ಜಿಯ ನಡುವೆ ಕೈಮುಗಿಯುವ ಇಮೋಜಿ ಹಾಕುತ್ತಾರೆ, ಅದು ನಾಲ್ಕು ಬೈಟು. ತಪ್ಪು ಡೇಟಾ ಒಪ್ಪದ ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್. ಇಲ್ಲದಿದ್ದರೆ ಇಮೋಜಿಯಿಂದಾಚೆಗಿನ ಬರಹವೆಲ್ಲ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಬೇಕಾದದ್ದು ‘ಯುಟಿಎಫ್8ಎಂಬಿ4’, ಅದೂ ಟೇಬಲ್‌ಗೆ ಮತ್ತು ಕನೆಕ್ಷನ್‌ಗೆ ಎರಡಕ್ಕೂ. 2010ರಿಂದಲೇ ಇದೆ.

ನಗು ನಿಲ್ಲುವುದು 2017ರ ಜನವರಿಯಲ್ಲಿ. ಆಗಿನ್ನೂ ಮುಕ್ತ ಲೈಸೆನ್ಸಿನಲ್ಲಿದ್ದ ಮೊಂಗೊಡಿಬಿ ಎಂಬ ಡೇಟಾಬೇಸಿನ ಸಾವಿರಾರು ಸರ್ವರ್‌ಗಳು 27017ನೇ ಪೋರ್ಟ್ ತೆರೆದುಕೊಂಡು, ಪಾಸ್‌ವರ್ಡಿಲ್ಲದೆ ಇಂಟರ್ನೆಟ್ಟಿಗೆ ಮುಖಮಾಡಿ ಕೂತಿದ್ದವು. ಹ್ಯಾಕರ್‌ಗಳು ಡೇಟಾ ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ ಇಟ್ಟು ಹೋದರು. ಕೊಟ್ಟವರಿಗೂ ಡೇಟಾ ಸಿಗುವ ಖಾತ್ರಿ ಇರಲಿಲ್ಲ. ಭದ್ರತೆಯ ಪಟ್ಟಿ ಕೈಪಿಡಿಯಲ್ಲೇ ಇತ್ತಲ್ಲ ಎಂದರು ಮೊಂಗೊಡಿಬಿಯವರು. ಇತ್ತು, ಇನ್ನೆಲ್ಲೋ ಒಂದು ಪುಟದಲ್ಲಿ. ಜನ ಓದುವುದು ಇನ್‌ಸ್ಟಾಲ್ ಪುಟ ಒಂದನ್ನೇ ಎಂದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಹೋದದ್ದು ಯಾರದ್ದೋ ಹೆಸರು, ಫೋನ್ ನಂಬರು, ವಿಳಾಸ. ಅವರ‍್ಯಾರೂ ಟ್ಯುಟೋರಿಯಲ್ ನೋಡಿದವರಲ್ಲ.

ಅದೇ ವರ್ಷದ ಕೊನೆಗೆ ಮೊಂಗೊಡಿಬಿ 3.6 ಬಂತು, ಎಲ್ಲ ಪ್ಯಾಕೇಜುಗಳಲ್ಲೂ ಡೀಫಾಲ್ಟ್ ಲೋಕಲ್‌ಹೋಸ್ಟ್ ಆಯಿತು, ಅಂದರೆ ಅದೇ ಕಂಪ್ಯೂಟರಿನಿಂದ ಮಾತ್ರ ಸಂಪರ್ಕ. ಟ್ಯುಟೋರಿಯಲ್‌ಗಳು ಕೂಡಲೇ ಎಚ್ಚೆತ್ತು ಹೊಸ ಹೆಜ್ಜೆಯೊಂದನ್ನು ಸೇರಿಸಿಕೊಂಡವು: ‘ಕನೆಕ್ಟ್ ಆಗದಿದ್ದರೆ ಬೈಂಡ್ ಐಪಿಯನ್ನು 0.0.0.0 ಮಾಡಿ.’ ಅಂದರೆ ಮತ್ತೆ ಎಲ್ಲ ನೆಟ್‌ವರ್ಕಿಗೂ ಬಾಗಿಲು ತೆರೆಯಿರಿ.