ರಸೀದಿ ನೋಡಿದವರು ಬರೆದದ್ದನ್ನೂ ನೋಡಬೇಕಿತ್ತು

ಕೆನಡಾದ ಅನುದಾನ ಪ್ರಕರಣದ ಲೇಖನಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಜನಾಂಗೀಯ ದ್ವೇಷವನ್ನು ತಡೆಯುವ ಯೋಜನೆಯಡಿ ಅಲ್ಲಿನ ಸರ್ಕಾರ ಸಂಸ್ಥೆಯೊಂದಕ್ಕೆ 1.33 ಲಕ್ಷ ಡಾಲರಿಗೂ ಹೆಚ್ಚು ಹಣ ಮಂಜೂರು ಮಾಡಿತ್ತು. ಅದರ ಹಿರಿಯ ಸಲಹೆಗಾರರೇ ಯಹೂದಿಗಳನ್ನು ಹೀನಾಯವಾಗಿ ನಿಂದಿಸಿ ಟ್ವಿಟರ್‌ನಲ್ಲಿ ಬರೆದಿದ್ದು ಬಯಲಾದ ಮೇಲೆ, 2022ರ ಆಗಸ್ಟ್‌ನಲ್ಲಿ ಸಚಿವ ಅಹ್ಮದ್ ಹುಸೇನ್ ಅನುದಾನವನ್ನು ತಡೆಹಿಡಿದರು. ಮಂಜೂರಾತಿಗೆ ಮೊದಲೇ ಆ ಬರಹಗಳನ್ನು ಓದಲು ಅಡ್ಡಿಯೇನಿತ್ತು?

ವಿರಾಜಪೇಟೆ ಕಡೆಯ ಸಣ್ಣ ಸಂಘವೊಂದರ ಖಜಾಂಚಿಯಾಗಿದ್ದಾಗ, ಅಲ್ಪ ಅನುದಾನದ ಹಣಬಳಕೆ ಪ್ರಮಾಣಪತ್ರ ಸಲ್ಲಿಸಲು ಹೋಗಿ, ಕೊಡಗಿನ ಮಳೆಗೆ ನೆಂದು ಶಾಯಿ ಹರಡಿದ್ದ ಶಾಮಿಯಾನದ ರಸೀದಿಯೊಂದಕ್ಕಾಗಿ ಕಚೇರಿಗೆ ಮೂರು ಬಾರಿ ಅಲೆದಿದ್ದೇನೆ. ನಮ್ಮ ವೇದಿಕೆಯಲ್ಲಿ ಯಾರು ಏನು ಮಾತನಾಡಿದರೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಹಾಗೆಂದು ಆರೋಪ ಕೇಳಿಬಂದ ಕೂಡಲೇ ಹಣ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ; ಟೀಕೆ ಯಾವುದು, ದ್ವೇಷ ಯಾವುದು ಎಂದು ಮೊದಲು ವಿಂಗಡಿಸಬೇಕು. ಕೆನಡಾ 2019ರಲ್ಲಿ ಅಂಗೀಕರಿಸಿದ, ಅಂತರರಾಷ್ಟ್ರೀಯ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಸ್ಮರಣಾ ಒಕ್ಕೂಟದ, ಯಹೂದಿ ದ್ವೇಷ ಎಂದರೇನೆಂದು ಹೇಳುವ ವ್ಯಾಖ್ಯಾನವೇ, ಬೇರೆ ಯಾವುದೇ ದೇಶದ ಬಗ್ಗೆ ಮಾಡುವಂಥ ಟೀಕೆಯನ್ನು ಇಸ್ರೇಲಿನ ಬಗ್ಗೆ ಮಾಡಿದರೆ ಅದು ಯಹೂದಿ ದ್ವೇಷವೆನಿಸದು ಎನ್ನುತ್ತದೆ. ಆದ್ದರಿಂದ ವಿಚಾರಣೆ ಯಾರದು, ಉತ್ತರಿಸಲು ಎಷ್ಟು ದಿನ, ಮೇಲ್ಮನವಿ ಎಲ್ಲಿ ಎಂಬುದೆಲ್ಲ ಅನುದಾನದ ಕರಾರಿನಲ್ಲಿಯೇ ಇರಬೇಕು.