ಫ್ರೀ ಡ್ರೈವರ್

“ಡ್ರೈವರ್ ಇಲ್ದೆ ಅದು ಓಡಲ್ಲ ಕಣೋ. ಈಗ ಒಳ್ಳೆ ಡ್ರೈವರ್ ಸಿಕ್ಕಿದೆ. ಇವತ್ತು ರಾತ್ರಿನೇ ಹಾಕ್ತೀನಿ.”

ಶುಕ್ರವಾರ ಸಂಜೆ ಹಾಸನದ ನಮ್ಮ ಮನೆಯ ಜಗಲಿಯಲ್ಲಿ ನಿಂತು ಮೈಸೂರಿನ ಗೆಳೆಯನಿಗೆ ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ. ಒಳಗೆ ಅಪ್ಪ ಪುರಿ ತಿನ್ನುತ್ತಾ ಟೀವಿ ನೋಡುತ್ತಿದ್ದರು. ಅಪ್ಪನ ಕಿವಿ ಸ್ವಲ್ಪ ಮಂದ. ಅಮ್ಮ ತರಕಾರಿ ತನ್ನಿ ಅಂದರೆ ಕೇಳಿಸುವುದಿಲ್ಲ. ಇಂಥದ್ದು ಮಾತ್ರ ಹೇಗೋ ಕೇಳಿಸಿಬಿಡುತ್ತದೆ.

“ಎಷ್ಟಂತೆ?” ಅಂದರು.

ನನ್ನ ತಲೆ ಪೂರ್ತಿ ಆಟದಲ್ಲಿತ್ತು. “ದುಡ್ಡೇನಿಲ್ಲ ಅಪ್ಪ, ಫ್ರೀ” ಅಂದೆ.

ಪುರಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. “ಫ್ರೀ ಬರೋನು ಅಂದ್ರೆ ಕುಡಿಯೋನೇ ಇರ್ಬೇಕು.”

“ಓಪನ್ ಸೋರ್ಸ್ ಅಪ್ಪ. ಏನಾದ್ರೂ ತೊಂದ್ರೆ ಇದ್ರೆ ಯಾರು ಬೇಕಾದ್ರೂ ಬಿಚ್ಚಿ ನೋಡಿ ಸರಿ ಮಾಡ್ಬಹುದು.”

“ಡ್ರೈವರನ್ನಾ?”

“ಹೂಂ.”

ಅಪ್ಪ ಮತ್ತೆ ಮಾತಾಡಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಒಂದು ತಿಂಗಳಿಂದ ಅವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗೋಣ ಅನ್ನುತ್ತಿದ್ದರು. ಶಿರಾಡಿ ಘಾಟಿಯಲ್ಲಿ ಕಾರು ಓಡಿಸಲು ನನಗೆ ಕೈಕಾಲು ನಡುಗುತ್ತದೆ ಅಂತ ಬಾಯಿಬಿಟ್ಟು ಹೇಳಲಾರದೆ, ನಾನು ಒಂದೊಂದು ವಾರ ಒಂದೊಂದು ನೆಪ ಹೇಳುತ್ತಿದ್ದೆ.

ನನ್ನ ಡ್ರೈವರ್ ವಿಷಯ ಬೇರೆ. ಅದಕ್ಕೆ 2001ಕ್ಕೆ ಹೋಗಬೇಕು. ಆಗ ನಾನು ಪಿಯುಸಿ. ಬೆಂಗಳೂರಿನ ದೊಡ್ಡಪ್ಪನ ಮಗ ತನ್ನ ಹಳೆ ಕಂಪ್ಯೂಟರ್ ಜೊತೆ ಒಂದು ಆಟದ ಸೀಡಿಗಳನ್ನೂ ಕೊಟ್ಟಿದ್ದ. ಫೈನಲ್ ಫ್ಯಾಂಟಸಿ 7. ಜಪಾನಿನಲ್ಲಿ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದು, ಮರುವರ್ಷ ಕಂಪ್ಯೂಟರಿಗೆ ಬಂದ ಆಟ. ಇನ್‌ಸ್ಟಾಲ್ ಮಾಡೋದಕ್ಕೆ ಒಂದು ಸೀಡಿ, ಆಡೋದಕ್ಕೆ ಮೂರು. ಮುಳ್ಳುಹಂದಿ ಥರ ಕೂದಲಿನ ಒಬ್ಬ ಹುಡುಗ, ಅವನಷ್ಟೇ ಉದ್ದದ ಒಂದು ಕತ್ತಿ, ಕುದುರೆಯಂತೆ ಸವಾರಿ ಮಾಡಬಹುದಾದ ಹಳದಿ ಹಕ್ಕಿಗಳು. ಅಜ್ಜಿ ಆ ಹಕ್ಕಿ ನೋಡಿ, “ಇಷ್ಟು ದೊಡ್ಡ ಕೋಳಿ ಇಟ್ಕೊಂಡು ಇವ್ನು ಸುಮ್ನೆ ಮೇಲೆ ಕೂತು ಓಡಾಡ್ತಾನಲ್ಲೋ” ಅಂತ ನೊಂದುಕೊಂಡಿದ್ದಳು.

ಮೊದಲ ಸೀಡಿ ಮುಗಿಯುವ ಹೊತ್ತಿಗೆ ಆಟದಲ್ಲಿ ಹೂ ಮಾರುವ ಹುಡುಗಿ ಸಾಯುತ್ತಾಳೆ. ನಮ್ಮ ಗುಂಪಿನವಳೇ. ಅಷ್ಟು ದಿನ ನಾವೇ ಆಡಿಸಿ ಬೆಳೆಸಿದವಳು. ಗಂಟಲು ಕಟ್ಟಿ ಕೂತಿದ್ದೆ. ಎರಡನೇ ಸೀಡಿ ಹಾಕು ಅಂತ ಪರದೆ ಕೇಳಿತು. ಸೀಡಿ ಇಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಹಿತ್ತಲಲ್ಲಿ ಸಿಕ್ಕಿತು. ಗಿಳಿಗಳು ಸೀಬೆಕಾಯಿ ಕುಕ್ಕುತ್ತವೆ ಅಂತ ಅಪ್ಪ ಅದಕ್ಕೆ ದಾರ ಕಟ್ಟಿ ಮರಕ್ಕೆ ನೇತುಹಾಕಿದ್ದರು. ಹತ್ತು ದಿನದ ಬಿಸಿಲು ಮಳೆ ಎರಡೂ ಕಂಡಿತ್ತು. ತೊಳೆದು ಒರೆಸಿ ಹಾಕಿದರೆ ಕಂಪ್ಯೂಟರ್ ಗರ್‍ರ್ ಅಂತ ಉಗುಳಿತು. ಮೂರನೇ ಸೀಡಿ ಈಗಲೂ ಬೀರುವಿನಲ್ಲಿದೆ. ಎರಡಿಲ್ಲದೆ ಮೂರು ಇಟ್ಕೊಂಡು ಏನು ಮಾಡೋದು? ಆ ವರ್ಷ ಸೀಬೆಕಾಯಿ ಮಾತ್ರ ಚೆನ್ನಾಗಿ ಉಳಿಯಿತು.

ಹೀಗೆ ನನ್ನ ಕಥೆ ಅರ್ಧಕ್ಕೆ ನಿಂತಿತು. ಈಚೆಗೆ ಆ ಆಟ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು, ಕೊಂಡೆ. ಆದರೆ ಆಟ ಮುದಿಯಾಗಿದೆ. 1998ರ ಕಂಪ್ಯೂಟರಿನ ಲೆಕ್ಕದಲ್ಲಿ ಬರೆದದ್ದು. 640×480 ಚುಕ್ಕೆಗಳೇ ಅದಕ್ಕೆ ದೊಡ್ಡ ಪ್ರಪಂಚ. ಜಗಳದ ದೃಶ್ಯಗಳು ಸೆಕೆಂಡಿಗೆ 15 ಚಿತ್ರಗಳಲ್ಲಿ ಕುಂಟುತ್ತವೆ. ಆಗಿನ ಕಂಪ್ಯೂಟರ್ ಆವೃತ್ತಿಯ ಸಂಗೀತವೋ, ಆರ್ಕೆಸ್ಟ್ರಾದವರು ಕೈಕೊಟ್ಟ ಮದುವೆಮನೆಯಲ್ಲಿ ಒಬ್ಬನೇ ಕೀಬೋರ್ಡ್ ಒತ್ತಿದ ಹಾಗೆ.

ಇದಕ್ಕೆ ಮದ್ದೇ ಆ ಡ್ರೈವರ್. ಎಫ್‌ಎಫ್‌ಎನ್‌ಎಕ್ಸ್ ಅಂತ ಹೆಸರು. ಈ ಆಟಕ್ಕೂ ಇದರ ಮುಂದಿನ 8ಕ್ಕೂ ಅಂತಲೇ ಮಾಡಿದ್ದು. ಅಜ್ಜನ ಜೊತೆ ಬ್ಯಾಂಕಿಗೆ ಹೋಗುವ ಮೊಮ್ಮಗನನ್ನು ನೆನೆಸಿಕೊಳ್ಳಿ. ಅಜ್ಜ ತನ್ನ ಕಾಲದ ಮಾತಿನಲ್ಲೇ ಏನೋ ಕೇಳುತ್ತಾನೆ. ಮೊಮ್ಮಗ ಅದನ್ನು ಕೌಂಟರಿನಲ್ಲಿರುವ ಹುಡುಗಿಗೆ ಅರ್ಥವಾಗುವಂತೆ ಹೇಳುತ್ತಾನೆ. ಹಳೆ ಆಟ ಹಳೆ ರೀತಿಯಲ್ಲೇ “ಇದನ್ನ ಬರಿ, ಇದನ್ನ ನುಡಿಸು” ಅನ್ನುತ್ತದೆ. ಡ್ರೈವರ್ ನಡುವೆ ನಿಂತು ಅದನ್ನು ಡೈರೆಕ್ಟ್‌ಎಕ್ಸ್ 11, ವಲ್ಕನ್ ಮುಂತಾದ ಇವತ್ತಿನ ಭಾಷೆಗೆ ತಿರುಗಿಸುತ್ತದೆ. ಸೆಕೆಂಡಿಗೆ 60 ಚಿತ್ರ ಓಡಿಸುತ್ತದೆ. ಯಾರೋ ಕೂತು ತಿದ್ದಿದ ಹೊಸ ಚಿತ್ರಗಳನ್ನು ಹಳೆಯದರ ಮೇಲೆ ಹೊದಿಸುತ್ತದೆ, ಬೇರೆ ಸಂಗೀತ ಕೊಟ್ಟರೆ ಅದನ್ನೂ ನುಡಿಸುತ್ತದೆ. ಸಂಬಳವಿಲ್ಲದೆ ಜನ ಇದನ್ನೆಲ್ಲ ಮಾಡಿ, ಕೆಳಗೆ ಹೆಸರು ಹಾಕಿ ಬಿಟ್ಟಿದ್ದಾರೆ. ನಮ್ಮ ಹೊಯ್ಸಳರ ಶಿಲ್ಪಿಗಳೂ ವಿಗ್ರಹದ ಕೆಳಗೆ ಹೆಸರು ಕೆತ್ತುತ್ತಿದ್ದರಲ್ವಾ, ಹಾಗೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಶುರು ಮಾಡಿದೆ. ಫೈಲುಗಳನ್ನು ಆಟದ ಫೋಲ್ಡರಿಗೆ ಹಾಕುವುದು ಐದು ನಿಮಿಷದ ಕೆಲಸ. ಆಟ ತೆರೆದುಕೊಂಡಿತು. ಸ್ಪೀಕರ್ ಪೂರ್ತಿ ಏರಿಸಿಟ್ಟಿದ್ದೆ ಅನ್ನುವುದು ಸಂಗೀತ ಶುರುವಾದ ಮೇಲೆ ನೆನಪಾಯಿತು. ಪಕ್ಕದ ಮನೆಯ ನಾಯಿ ಬೊಗಳಿತು, ಇವಳು ಬಾಗಿಲಲ್ಲಿ ನಿಂತು ಏನೂ ಹೇಳದೆ ನೋಡಿ ವಾಪಸ್ ಹೋದಳು. ಏನೂ ಹೇಳದೆ ನೋಡುವುದು ಬಹಳ ಕೆಟ್ಟದ್ದು.

ಅದಿರಲಿ, ನಿಜವಾದ ತೊಂದರೆ ಪರದೆಯದ್ದು. ಆಟದ ಚಿತ್ರದ ಅಗಲ-ಎತ್ತರದ ಲೆಕ್ಕ 4:3, ನನ್ನ ಲ್ಯಾಪ್‌ಟಾಪ್ 16:9. ಡ್ರೈವರಿನ ಸೆಟ್ಟಿಂಗ್ ಎಲ್ಲ ಒಂದು ಸಾದಾ ಫೈಲಿನಲ್ಲಿ ಬರೆದಿರುತ್ತದೆ. ಅದರಲ್ಲಿ ಅಂಕಿ ಬದಲಿಸಿ ಉಳಿಸಿ ಮತ್ತೆ ಆಟ ತೆರೆಯಬೇಕು. ಮೊದಲು ಒಂದು ಅಂಕಿ ಬದಲಿಸಿದೆ, ಚಿತ್ರ ಪರದೆಯ ಈ ತುದಿಯಿಂದ ಆ ತುದಿಗೆ ಎಳೆದುಕೊಂಡಿತು. ಎಳೆದದ್ದನ್ನು ಸರಿಮಾಡೋಣ ಅಂತ ಇನ್ನೊಂದು ಅಂಕಿ ಹಾಕಿದೆ. ಏನೂ ಆಗಲಿಲ್ಲ. ಬೇರೆ ಹಾಕಿದೆ. ಇಲ್ಲ. ಹನ್ನೆರಡು ಸಲ ಆಟ ತೆರೆದೆ, ಹನ್ನೆರಡು ಸಲವೂ ನಾಯಕ ಅದೇ ರೈಲಿನ ಮೇಲಿಂದ ಹಾರಿದ, ಹನ್ನೆರಡು ಸಲವೂ ನಮ್ಮ ಚಿಕ್ಕಪ್ಪನಷ್ಟು ಅಗಲವಾಗಿ ಬಂದು ನಿಂತ. ಕರೆಂಟ್ ಎರಡು ಸಲ ಹೋಗಿ ಬಂತು. ಕಾಫಿ ಮೂರು ಸಲ ಆಯಿತು.

ನಾಲ್ಕೂವರೆಗೆ ಗೇಟಿನ ಸದ್ದಾಯಿತು.

ಬಾಗಿಲು ತೆಗೆದರೆ ಬಿಳಿ ಅಂಗಿ, ಹಣೆಗೆ ವಿಭೂತಿ, ಐವತ್ತರ ಆಸುಪಾಸಿನ ಒಬ್ಬರು. “ಡ್ರೈವರ್ ಸಾರ್. ಯಜಮಾನ್ರು ಫೋನ್ ಮಾಡಿದ್ರು. ಕುಕ್ಕೆಗೆ ಅಂದ್ರು.”

ಹಿಂದಿನಿಂದ ಅಪ್ಪ ಪಂಚೆ ಸರಿಮಾಡಿಕೊಳ್ಳುತ್ತಾ ಬಂದರು. “ನಿನ್ನ ಫ್ರೀ ಡ್ರೈವರ್ ಬೇಡ ಕಣಪ್ಪ. ಘಾಟಿ ರಸ್ತೆ. ನಾನೇ ಟ್ಯಾಕ್ಸಿ ಸ್ಟ್ಯಾಂಡಲ್ಲಿ ವಿಚಾರಿಸಿ ಒಳ್ಳೆ ಮನುಷ್ಯನ್ನ ಹೇಳಿದೀನಿ. 1,200 ಬಾಟಾ, ಊಟ ನಮ್ದು.”

ನಾನು ವಿವರಿಸಲು ಬಾಯಿ ತೆರೆದೆ. ಮುಚ್ಚಿದೆ. ಆ ಹೊತ್ತಿನಲ್ಲಿ ಏನು ಅಂತ ಹೇಳೋದು?

ಅಪ್ಪ ಸ್ನಾನಕ್ಕೆ ಹೋದರು. ಡ್ರೈವರ್ ಅಣ್ಣನಿಗೆ ಕಾಫಿ ಕೊಟ್ಟು ಕೂರಿಸಿ ನಾನು ಮತ್ತೆ ಲ್ಯಾಪ್‌ಟಾಪಿಗೆ ಬಂದೆ. ಅವರು ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತರು.

“ಇವ್ನ್ಯಾಕೆ ಸಾರ್ ಹಿಂಗೆ ಊದ್ಕಂಡವ್ನೆ?”

“ಅದನ್ನೇ ಅಣ್ಣ, ರಾತ್ರಿಯಿಂದ ಸರಿ ಮಾಡ್ತಿದೀನಿ.”

ಫೈಲು ತೆರೆದೆ. ಅಂಕಿ ಬದಲಿಸಿದೆ. ಅವರು ಬಗ್ಗಿ ನೋಡಿ ಬೆರಳಿಟ್ಟರು. “ಈ ಸಾಲಿನ್ ಮುಂದೆ ರಂಗೋಲಿ ಥರ ಐತಲ್ಲ, ಅದೇನು? ಮ್ಯಾಲಿನ್ ಸಾಲಿಗೂ ಐತೆ. ಕೆಳಗಿನ್ ಸಾಲಿಗೆ ಇಲ್ಲ.”

ಹ್ಯಾಷ್ ಗುರುತು. ಎರಡು ಉದ್ದ ಗೆರೆ, ಎರಡು ಅಡ್ಡ ಗೆರೆ. ಆ ಗುರುತಿನಿಂದ ಶುರುವಾದ ಸಾಲು ನಮ್ಮಂಥವರು ಓದಿಕೊಳ್ಳಲಿ ಅಂತ ಬರೆದ ಟಿಪ್ಪಣಿ. ಕಂಪ್ಯೂಟರ್ ಅದನ್ನು ಓದುವುದೇ ಇಲ್ಲ. ಯಾವ ಅಂಕಿಗೆ ಏನಾಗುತ್ತದೆ ಅಂತ ವಿವರಿಸಿದ ಆ ಟಿಪ್ಪಣಿಯನ್ನು ನಾನು ರಾತ್ರಿಯಿಡೀ ತಿದ್ದಿದ್ದೆ. ಅಸಲಿ ಸೆಟ್ಟಿಂಗ್ ಅದರ ಕೆಳಗಿನ ಸಾಲಿನಲ್ಲಿ, ಮೊದಲ ಸಲ ನಾನು ಹಾಕಿದ ತಪ್ಪು ಅಂಕಿಯನ್ನೇ ಇಟ್ಟುಕೊಂಡು ತಣ್ಣಗೆ ಕೂತಿತ್ತು. ಮಾಡಿದವರು ಎಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು! ಸಾಫ್ಟ್‌ವೇರ್ ಕಂಪನಿಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೇನೆ ಅಂತ ನಾನು ಡ್ರೈವರ್ ಅಣ್ಣನಿಗೆ ಹೇಳಲಿಲ್ಲ.

ಕೆಳಗಿನ ಸಾಲಿನ ಅಂಕಿ ಬದಲಿಸಿದೆ. ಆಟ ತೆರೆದೆ. ನಾಯಕ ರೈಲಿನಿಂದ ಹಾರಿದ, ತೆಳ್ಳಗೆ, ಚಂದಾಗಿ.

“ಹಾಂ, ಈಗ ಸರಿಯಾದ. ಆದ್ರೂ ಕೈ ನೋಡಿ ಸಾರ್, ಇಟ್ಟಿಗೆ ಇಟ್ಟಂಗೈತೆ.”

ಇದೇ ಜಿಲ್ಲೆಯ ಬೇಲೂರಿನ ಮದನಿಕೆಯರ ಬೆರಳಿನ ಉಗುರೂ ನೋಡಿದ ಕಣ್ಣು. ಒಪ್ಪುವುದಿಲ್ಲ. ಅದಕ್ಕೂ ಹೊಸ ಕೈ ಮಾಡಿಟ್ಟವರಿದ್ದಾರೆ, ಬಂದ ಮೇಲೆ ಹಾಕುತ್ತೇನೆ ಅಂದೆ. ಅಷ್ಟರಲ್ಲಿ ಅಪ್ಪ ಹಾರನ್ ಒತ್ತಿದರು.

ಸಕಲೇಶಪುರದವರೆಗೂ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದೆನಂತೆ. ದೋಣಿಗಾಲ್ ದಾಟಿ ಘಾಟಿ ಇಳಿಯುವಾಗ ಎಚ್ಚರವಾಯಿತು. ಮಂಜು. ಮುಂದೆ ಒಂದು ಲಾರಿ ಹೆಜ್ಜೆ ಹೆಜ್ಜೆಗೂ ಬ್ರೇಕ್ ಹಾಕುತ್ತಿತ್ತು. ಡ್ರೈವರ್ ಅಣ್ಣ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಆ ಹುಡುಗನಿಗೆ ಅಷ್ಟು ದೊಡ್ಡ ಕತ್ತಿ ಯಾಕೆ ಅಂತ ಕೇಳಿದರು. ಅಪ್ಪ, ಯಾವ ಹುಡುಗ ಅಂದರು. ಇಬ್ಬರಿಗೂ ಪೂರ್ತಿ ಕಥೆ ಹೇಳುತ್ತಾ ಹೋದೆ, ರೈಲು, ಹೂ ಮಾರುವ ಹುಡುಗಿ, ಹಳದಿ ಕೋಳಿ. ಅವಳು ಸತ್ತಲ್ಲಿಗೆ ನಿಲ್ಲಿಸಿದೆ.

“ಆಮೇಲೆ?” ಅಂದರು ಡ್ರೈವರ್ ಅಣ್ಣ.

“ಆಮೇಲಿಂದು ಗೊತ್ತಿಲ್ಲ ಅಣ್ಣ. ಎರಡನೇ ಸೀಡಿ ಅಪ್ಪ ಸೀಬೆ ಮರಕ್ಕೆ ಕಟ್ಟಿದ್ರು.”

ಅಪ್ಪ ಏನೂ ಅನ್ನಲಿಲ್ಲ. ಮುಂದಿನ ಲಾರಿಯ ಹಿಂಬದಿಗೆ ಯಾರೋ ಒಂದು ಹಳೆ ಸೀಡಿ ಕಟ್ಟಿದ್ದರು. ತಿರುವಿನಲ್ಲಿ ಅದು ನಮ್ಮ ಹೆಡ್‌ಲೈಟಿಗೆ ಮಿಂಚಿತು. ಅಪ್ಪ ಅದನ್ನೇ ನೋಡುತ್ತಾ ಕೂತಿದ್ದು, ಎರಡು ತಿರುವು ಆದ ಮೇಲೆ ಹೇಳಿದರು:

“ನಮ್ದು ಇದಕ್ಕಿಂತ ಜಾಸ್ತಿ ಹೊಳೀತಿತ್ತು.”